ವಾರಕ್ಕೊಂದು ಸೂಜಿ: ಯಾರಿಗೆ, ಯಾರ ಮೇಲ್ವಿಚಾರಣೆಯಲ್ಲಿ?

ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ರೊಕ್ಕವಿದ್ದವನಿಗೆ ದೊರೆಯದ ವಸ್ತುವಿಲ್ಲವೆಂದು ನಮ್ಮ ಜನರ ನಂಬಿಗೆ. ಅಲ್ಲಿಯ ಒಂದು ಔಷಧದಂಗಡಿಯ ಮುಂದೆ ಈಚೆಗೆ ನಾವು ನಿಂತಿದ್ದಾಗ ಸ್ಥೂಲಕಾಯದ ಗೃಹಸ್ಥರೊಬ್ಬರು ಬಂದು, "ಅಣ್ಣಾರ, ತೆಳ್ಳಗಾಗೋ ಸೂಜಿ ಬಂದದೇನ್ರಿ? ಮಗಳ ಲಗ್ನ ಎರಡು ತಿಂಗಳದಾಗ ಅದ" ಎಂದು ವಿಚಾರಿಸಿದರು. ಅಂಗಡಿಯವರು ಡಾಕ್ಟರ ಚೀಟಿ ಕೇಳಿದರು. "ರೊಕ್ಕ ನಾ ಕೊಡ್ತೀನಿ, ಚೀಟಿ ಯಾತಕ್ರಿ?" ಎಂಬ ಉತ್ತರ ಬಂದಿತು. ಅವರ ಮಗ್ಗುಲಲ್ಲಿಯೇ ಕಮಲಾಪುರದಿಂದ ಬಸ್ಸಿನಲ್ಲಿ ಬಂದಿದ್ದ ವೃದ್ಧೆಯೊಬ್ಬರು ಒಂದು ತಿಂಗಳಿಗೆ ಬರೆದುಕೊಟ್ಟ ಶುಗರಿನ ಗುಳಿಗೆಗಳಲ್ಲಿ ಹದಿನೈದು ದಿನದವನ್ನು ಮಾತ್ರ ಕೊಡಿರೆಂದು ಕೇಳುತ್ತಿದ್ದರು. ಅವರ ಎರಡೂ ಪಾದಗಳಿಗೆ ಬಾವು ಬಂದಿತ್ತು.

ಈ ಸೂಜಿಯು ಅಮೃತವೆಂದು ಕೆಲವರೂ, ವಿಷವೆಂದು ಕೆಲವರೂ ನಗರದಲ್ಲಿ ವಾದಿಸುತ್ತಿರುವರು. ಎರಡು ಪಕ್ಷದವರೂ ವಸ್ತುಸ್ಥಿತಿಯನ್ನು ವಿಚಾರಿಸಿದಂತೆ ತೋರುವದಿಲ್ಲ. ನಾವು ವೈದ್ಯರಲ್ಲ, ಆದರೆ ವೈದ್ಯರು ಪರೀಕ್ಷಿಸಿ ಪ್ರಕಟಿಸಿದ ಸಂಗತಿಗಳನ್ನು ವಾಚಕರ ಮುಂದಿಡುವದು ಪತ್ರಿಕೆಯ ಕರ್ತವ್ಯವಾಗಿದೆ.

ಉಂಡ ಅನ್ನವು ಕರುಳಿಗಿಳಿದೊಡನೆ ಕರುಳು ಜಿ.ಎಲ್.ಪಿ.-1 ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ಸಕ್ಕರೆಯೇರಿದಾಗ ಇನ್ಸುಲಿನ್ ಸುರಿಸುವಂತೆ ಮೇದೋಜೀರಕ ಗ್ರಂಥಿಯನ್ನು ಪ್ರೇರಿಸುವದು, ಜಠರವು ಬರಿದಾಗುವದನ್ನು ನಿಧಾನಿಸುವದು, ಇನ್ನು ಸಾಕೆಂಬ ವಾರ್ತೆಯನ್ನು ಮಿದುಳಿಗೆ ಮುಟ್ಟಿಸುವದು, ಇವು ಅದರ ಕಾರ್ಯ. ಆದರೆ ಪ್ರಕೃತಿದತ್ತವಾದ ಈ ರಸವು ಕೆಲವೇ ನಿಮಿಷಗಳಲ್ಲಿ ನಾಶವಾಗುತ್ತದೆ. ಅಮೇರಿಕೆಯ ಮರುಭೂಮಿಯಲ್ಲಿರುವ ಗಿಲಾ ಎಂಬ ವಿಷದ ಹಲ್ಲಿಯಲ್ಲಿ ಇದನ್ನೇ ಹೋಲುವ, ಹೆಚ್ಚು ಹೊತ್ತು ಬಾಳುವ ಪದಾರ್ಥವನ್ನು ಡಾ. ಜಾನ್ ಎಂಗ್ ಎಂಬವರು ಕಂಡುಹಿಡಿದರು. ಅದರಿಂದ ಹುಟ್ಟಿದ ಎಕ್ಸೆನಟೈಡ್ ಎಂಬ ಔಷಧಕ್ಕೆ 2005ರಲ್ಲಿ ಆ ದೇಶದಲ್ಲಿ ಮಾನ್ಯತೆ ದೊರೆಯಿತು. ಹಲ್ಲಿಯ ಹೆಸರು ಕೇಳಿದರೆ ಮೈ ತೊಳೆದುಕೊಳ್ಳುವ ನಮ್ಮ ಜನರು ಇದನ್ನು ತಿಳಿದರೆ ಏನನ್ನುವರೋ! ಮುಂದೆ ಬಂದ ಸೆಮಾಗ್ಲುಟೈಡ್ ಎಂಬದು ಒಂದು ಸಲ ಚುಚ್ಚಿದರೆ ವಾರವಿಡೀ ಕೆಲಸ ಮಾಡುವದು. ಟಿರ್ಜೆಪಟೈಡ್ ಎಂಬದು ಕರುಳಿನ ಇನ್ನೊಂದು ರಸದ ಕಾರ್ಯವನ್ನೂ ಕೂಡಿಸಿಕೊಂಡಿದೆ. ಇದು 2025ರ ಮಾರ್ಚಿನಲ್ಲಿ ಮೌಂಜಾರೊ ಎಂಬ ಹೆಸರಿನಿಂದಲೂ, ಸೆಮಾಗ್ಲುಟೈಡ್ ಅದೇ ವರ್ಷದ ಜೂನಿನಲ್ಲಿ ವೆಗೋವಿ ಎಂಬ ಹೆಸರಿನಿಂದಲೂ ನಮ್ಮ ದೇಶದ ಪೇಟೆಗೆ ಬಂದವು.

ಗುಣವು ನಿಜವಾದದ್ದು. 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸೆಮಾಗ್ಲುಟೈಡ್ ಪಡೆದವರ ತೂಕವು 68 ವಾರಗಳಲ್ಲಿ ಸರಾಸರಿ ನೂರಕ್ಕೆ 15ರಷ್ಟು ಇಳಿಯಿತು. ಆದರೆ ನಮಗೆ ತೂಕಕ್ಕಿಂತ ಮಹತ್ವದ್ದಾಗಿ ತೋರುವದು ಬೇರೆ. ಸ್ಥೂಲದೇಹದೊಂದಿಗೆ ಹೃದ್ರೋಗವೂ ಇದ್ದ 17,604 ಜನರ ಮೇಲೆ ನಡೆದು 2023ರಲ್ಲಿ ಹೊರಬಂದ ಪರೀಕ್ಷೆಯಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದಯಸಂಬಂಧದ ಮರಣಗಳು ಒಟ್ಟಿನಲ್ಲಿ ನೂರಕ್ಕೆ 20ರಷ್ಟು ಕಡಿಮೆಯಾದವು. ಮಧುಮೇಹದಿಂದ ಮೂತ್ರಪಿಂಡ ಕೆಟ್ಟವರಲ್ಲಿಯೂ ರೋಗವು ಮುಂದುವರಿಯುವದು ತಗ್ಗಿತೆಂದು 2024ರಲ್ಲಿ ತಿಳಿದುಬಂದಿತು. ಡಯಾಲಿಸಿಸ್ ಯಂತ್ರದ ಮುಂದೆ ಕುಳಿತವರ ಮನೆತನಗಳು ಹೇಗೆ ಹೊಲ ಮಾರಿ ಬೀದಿಗೆ ಬರುವವೆಂಬದನ್ನು ಕಂಡವರು ಇದನ್ನು ಅಲ್ಪವೆನ್ನಲಾರರು.

ಇನ್ನು ಲಗ್ನದ ಗೃಹಸ್ಥರ ವಿಷಯ. ಈ ಔಷಧವನ್ನು ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ ನಾಲ್ಕು ನಾಲ್ಕು ವಾರಗಳಿಗೊಮ್ಮೆ ಏರಿಸತಕ್ಕದ್ದು. ವೆಗೋವಿಯ ಪೂರ್ಣ ಪ್ರಮಾಣಕ್ಕೆ ಮುಟ್ಟಲು ನಾಲ್ಕು ತಿಂಗಳು ಹಿಡಿಯುವದು. ಎರಡು ತಿಂಗಳಲ್ಲಿ ಫಲ ಬೇಕೆಂದು ಆತುರಪಟ್ಟು ಪ್ರಮಾಣ ಏರಿಸಿದವರಿಗೆ ವಾಂತಿಯೇ ಫಲ. ಸೂಜಿಯನ್ನು ಬಿಟ್ಟವರು ಇಳಿಸಿದ ತೂಕದಲ್ಲಿ ಮೂರರಲ್ಲಿ ಎರಡು ಪಾಲನ್ನು ಒಂದೇ ವರ್ಷದಲ್ಲಿ ಮರಳಿ ಪಡೆದುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಅಂದರೆ ಇದು ರಕ್ತದೊತ್ತಡದ ಗುಳಿಗೆಯಂತೆ ದೀರ್ಘಕಾಲದ ಸಂಬಂಧ. ಲಗ್ನದ ಸೂಟಿನಂತೆ ಒಂದು ದಿನಕ್ಕೆ ತೊಟ್ಟು ಕಳಚುವಂಥದಲ್ಲ.

ಅಪಾಯಗಳನ್ನು ಮುಚ್ಚಿಡಬಾರದು. ಓಕರಿಕೆ, ವಾಂತಿ, ಭೇದಿ, ಮಲಬದ್ಧತೆ ಇವು ಸಾಮಾನ್ಯ. ಬಹುಮಟ್ಟಿಗೆ ಕ್ರಮೇಣ ಶಮನವಾಗುವವು. ಆದರೆ ನಮ್ಮ ಜಿಲ್ಲೆಯ ಬೇಸಿಗೆಯನ್ನು ನೆನೆಯಿರಿ. ನಲವತ್ತು ಡಿಗ್ರಿಯ ಮೇಲಿನ ಬಿಸಿಲಿನಲ್ಲಿ, ಹಸಿವೆ ನೀರಡಿಕೆಗಳೆರಡೂ ಮಂದವಾದವನಿಗೆ ವಾಂತಿಭೇದಿ ಹತ್ತಿದರೆ ಮೈಯ ನೀರು ಬತ್ತಿ ಮೂತ್ರಪಿಂಡಗಳಿಗೇ ಪೆಟ್ಟು ಬೀಳುವದು. ಮೇದೋಜೀರಕ ಗ್ರಂಥಿಯ ಉರಿಯೂತವು ವಿರಳವಾದರೂ ಘೋರವಾದದ್ದು: ಬೆನ್ನಿಗೆ ಹಾಯುವ, ಬಿಡದೆ ಕಾಡುವ ಹೊಟ್ಟೆನೋವು ಬಂದರೆ ಸೂಜಿ ನಿಲ್ಲಿಸಿ ಆ ಕ್ಷಣವೇ ಆಸ್ಪತ್ರೆಗೆ ಧಾವಿಸತಕ್ಕದ್ದು. ತೂಕವು ವೇಗವಾಗಿ ಇಳಿದವರಲ್ಲಿ ಪಿತ್ತಕೋಶದ ಹರಳುಗಳೂ ಕಾಣಿಸುವವು. ಬಹುಕಾಲ ಏರಿದ್ದ ಸಕ್ಕರೆಯು ಥಟ್ಟನೆ ಇಳಿದರೆ ಮಧುಮೇಹಿಯ ಕಣ್ಣಿನ ಹಿಂಪೊರೆಯ ರೋಗವು ಉಲ್ಬಣಿಸಬಹುದು. ಆದುದರಿಂದ ಮೊದಲು ಕಣ್ಣು ಪರೀಕ್ಷಿಸಿಕೊಳ್ಳುವದು ಲೇಸು. ಗ್ಲಿಮೆಪಿರೈಡ್ ಗುಳಿಗೆ ಅಥವಾ ಇನ್ಸುಲಿನ್ ಜೊತೆಗಿದ್ದರೆ ಸಕ್ಕರೆ ಮಿತಿಮೀರಿ ಕುಸಿದು ಎಚ್ಚರ ತಪ್ಪುವ ಭಯವುಂಟು. ಅವುಗಳ ಪ್ರಮಾಣವನ್ನು ವೈದ್ಯರೇ ತಗ್ಗಿಸಬೇಕು. ಗರ್ಭಿಣಿಯರಿಗೂ, ಥೈರಾಯ್ಡಿನ ಮೆಡುಲರಿ ಎಂಬ ಜಾತಿಯ ಕ್ಯಾನ್ಸರ್ ಮನೆತನದಲ್ಲಿದ್ದವರಿಗೂ ಇದು ಸಲ್ಲದು. ಬಾಲ್ಯದಿಂದ ಇನ್ಸುಲಿನ್ ಮೇಲೆಯೇ ಜೀವಿಸುವವರು ಹೊಸ ಸೂಜಿ ಬಂದಿತೆಂದು ಹಳೆಯ ಸೂಜಿಯನ್ನು ಬಿಟ್ಟರೆ ಪ್ರಾಣಕ್ಕೇ ಸಂಚಕಾರ.

ಇಳಿಯುವ ತೂಕವೆಲ್ಲವೂ ಕೊಬ್ಬಲ್ಲ, ಮಾಂಸಖಂಡವೂ ಅದರಲ್ಲಿ ಸೇರಿರುವದೆಂಬ ಮಾತು ಪೇಟೆಯಲ್ಲಿ ಕೇಳಿಬರುವದಿಲ್ಲ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಡೊಳ್ಳು ಎಂಬ ನಮ್ಮ ಗುಮಾಸ್ತರ ದೇಹಕ್ಕೆ ಇದು ಸಣ್ಣ ನಷ್ಟವಲ್ಲ. ಎರಡು ರೊಟ್ಟಿಗೆ ಸಾಕೆನ್ನುವವನು ಆ ಎರಡರ ಜೊತೆಗೆ ಗಟ್ಟಿಯಾದ ಬೇಳೆ, ಮೊಸರು, ಒಗ್ಗುವವರು ತತ್ತಿ, ಇವನ್ನು ಬಿಡಬಾರದು. ನಡಿಗೆ ಮತ್ತು ಭಾರ ಎತ್ತುವ ವ್ಯಾಯಾಮವೂ ಬೇಕು. ತೊಗರಿಯ ಕಣಜವೆನಿಸಿಕೊಂಡ ಜಿಲ್ಲೆಯಲ್ಲಿ ಬೇಳೆ ತಿನ್ನಿರೆಂದು ಬರೆಯಬೇಕಾಗಿ ಬಂದುದಕ್ಕೆ ನಗುವದೋ ಅಳುವದೋ ತಿಳಿಯದು.

ಔಷಧವನ್ನು ಎರಡರಿಂದ ಎಂಟು ಡಿಗ್ರಿಯ ತಂಪಿನಲ್ಲಿಡತಕ್ಕದ್ದು, ಹೆಪ್ಪುಗಟ್ಟಿದರೆ ಚೆಲ್ಲಬೇಕು. ಉಪಯೋಗಿಸಲು ತೊಡಗಿದ ಪೆನ್ನನ್ನು ಸಹ ಮೂವತ್ತು ಡಿಗ್ರಿ ದಾಟಿದ ಬಿಸಿಯಲ್ಲಿಡಬಾರದು. ಮೇ ತಿಂಗಳ ಮಧ್ಯಾಹ್ನ ಸೂಪರ್ ಮಾರ್ಕೆಟ್ಟಿನಲ್ಲಿ ಕೊಂಡು ಕೈಚೀಲದಲ್ಲಿಟ್ಟು ಹುಮನಾಬಾದ ಮಾರ್ಗದ ಬಸ್ಸಿನಲ್ಲಿ ಕಮಲಾಪುರಕ್ಕೆ ಒಯ್ದರೆ, ಮನೆ ಮುಟ್ಟುವಾಗ ಅದರಲ್ಲಿ ಎಷ್ಟು ಸತ್ವ ಉಳಿದೀತು? ಕರೆಂಟು ಹೋದ ರಾತ್ರಿ ಅಂಗಡಿಯ ಫ್ರಿಜ್ಜಿನ ಸ್ಥಿತಿಯೇನು? ನಕಲಿಯ ಮಾತು ಬೇರೆ. ನಕಲಿ ಸೆಮಾಗ್ಲುಟೈಡ್ ಕುರಿತು ವಿಶ್ವ ಆರೋಗ್ಯ ಸಂಸ್ಥೆಯೇ 2024ರ ಜೂನಿನಲ್ಲಿ ಎಚ್ಚರಿಕೆ ಹೊರಡಿಸಿತು. ಅಮೇರಿಕೆ ಮತ್ತು ಇಂಗ್ಲಂಡದಂಥ ದೇಶಗಳಲ್ಲಿಯೇ ಅದು ಸಿಕ್ಕಿತ್ತು.

ಬೆಲೆಯ ಪ್ರಶ್ನೆಗೆ ಬರೋಣ. ಟೊರಾಂಟೋದಲ್ಲಿ 1921ರಲ್ಲಿ ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗರ ಸಂಗಡಿಗರು ಅದರ ಪೇಟೆಂಟನ್ನು ತಲೆಗೊಂದು ಡಾಲರಿಗೆ ಅಲ್ಲಿಯ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಅಂಥ ಔದಾರ್ಯದ ಕಾಲ ಇದಲ್ಲ. 2025ರಲ್ಲಿ ಮೌಂಜಾರೊ ಬಂದಾಗ ವಾರಕ್ಕೊಂದರಂತೆ ಬೇಕಾದ ಬುಡ್ಡಿಗೆ 3,500 ರೂಪಾಯಿ, ಮುಂದಿನ ಪ್ರಮಾಣದ್ದಕ್ಕೆ 4,375 ರೂಪಾಯಿ. ಆಗ ತಿಂಗಳಿಗೆ ಹದಿನಾಲ್ಕು ಸಾವಿರಕ್ಕೆ ಕಡಿಮೆಯಿರಲಿಲ್ಲ. ಆದರೆ ಭಾರತದಲ್ಲಿ ಸೆಮಾಗ್ಲುಟೈಡಿನ ಇಪ್ಪತ್ತು ವರ್ಷದ ಏಕಸ್ವಾಮ್ಯದ ಗಡುವು 2026ರ ಮಾರ್ಚ್. ಅದು ತೀರಿದ ಮೇಲೆ ಸ್ವದೇಶದ ಕಾರಖಾನೆಗಳು ಅದನ್ನು ತಯಾರಿಸುವದಕ್ಕೆ ಅಡ್ಡಿಯಿಲ್ಲ. ಅಗ್ಗದ ಔಷಧವನ್ನು ಲೋಕಕ್ಕೆಲ್ಲ ಒದಗಿಸಿದ ಕೀರ್ತಿ ನಮ್ಮ ಕಾರಖಾನೆಗಳದು. ಇಲ್ಲಿಯೂ ಅವು ಹಿಂದೆ ಬೀಳಲಾರವು. ಆದರೆ ಅಗ್ಗವಾದ ಸೂಜಿಯು ಮೊದಲು ಯಾರ ಕೈಗೆ ಹೋಗುವದು? ದೇಶದಲ್ಲಿ 10 ಕೋಟಿಗೂ ಮಿಕ್ಕಿ ಮಧುಮೇಹಿಗಳಿರುವರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು 2023ರಲ್ಲಿ ತಿಳಿಸಿತು. ಇವರಲ್ಲಿ ಹೃದಯವೋ ಮೂತ್ರಪಿಂಡವೋ ಕೆಟ್ಟ ಸ್ಥೂಲದೇಹಿಗಳಿಗೆಂದೇ ವಿಶ್ವ ಆರೋಗ್ಯ ಸಂಸ್ಥೆಯು 2025ರ ಸಪ್ಟಂಬರಿನಲ್ಲಿ ಈ ಔಷಧಗಳನ್ನು ಅತ್ಯವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಅದೇ ಸರದಿಯನ್ನು ನಮ್ಮ ಸರಕಾರವೂ ಹಿಡಿಯಬೇಕು.

ಆದುದರಿಂದ ಅಧಿಕಾರಿಗಳಲ್ಲಿ ನಮ್ಮ ಬೇಡಿಕೆ ಇಷ್ಟು. ಚೀಟಿಯಿಲ್ಲದೆ ಈ ಔಷಧ ಮಾರುವವರ ಮೇಲೆ ಔಷಧ ನಿಯಂತ್ರಣ ಇಲಾಖೆಯವರು ಈಗಿನಿಂದಲೇ ಕಣ್ಣಿಡಲಿ. ಅಂಗಡಿಯ ಫ್ರಿಜ್ಜಿನ ಉಷ್ಣಮಾನವನ್ನು ದಿನಕ್ಕೆರಡು ಸಲ ಬರೆದಿಡುವ ಪುಸ್ತಕವನ್ನು ತೆರೆಯಿಸಿ ನೋಡಲಿ. ಬೆಲೆ ಇಳಿದಂತೆ ಜಿಲ್ಲೆಯ ಸರಕಾರಿ ಆಸ್ಪತ್ರೆಯಲ್ಲಿಯೂ, ಕಮಲಾಪುರದಂಥ ತಾಲೂಕಾ ಸ್ಥಳಗಳಲ್ಲಿಯೂ ಅರ್ಹ ಮಧುಮೇಹಿಗಳಿಗೆ ಇದು ದೊರೆಯುವಂತಾಗಲಿ. ಅದಕ್ಕೂ ಮುಂಚೆ, ಈಗಾಗಲೇ ಅಗ್ಗವಾಗಿರುವ ಮೆಟ್ಫಾರ್ಮಿನ್ ಮತ್ತು ಇನ್ಸುಲಿನ್ ಅಲ್ಲಿ ತಿಂಗಳ ಮೂವತ್ತು ದಿನವೂ ಇರಲಿ. ಈ ಸೂಜಿಯನ್ನು ಬರೆದುಕೊಟ್ಟ ಅನುಭವವುಳ್ಳ ಜಿಲ್ಲೆಯ ವೈದ್ಯರು ತಮ್ಮ ಅಭಿಪ್ರಾಯವನ್ನು ಬರೆದು ಕಳುಹಿಸಿದರೆ ಈ ಪುಟದಲ್ಲಿಯೇ ಸ್ಥಳ ಕೊಡುವೆವು.