ರೇಸು ಮುಗಿಸಿದ ಕುದುರೆಯ ಬೆನ್ನೇರುವ ಮುನ್ನ

ರೇಸ್ ಕುದುರೆಗಳಲ್ಲಿ ಹೆಚ್ಚಿನವು ಹತ್ತು ವರ್ಷ ತುಂಬುವುದರೊಳಗೇ ಟ್ರ್ಯಾಕು ಬಿಟ್ಟಿರುತ್ತವೆ. ಚೆನ್ನಾಗಿ ನೋಡಿಕೊಂಡರೆ ಕುದುರೆಯ ಆಯುಸ್ಸು ಇಪ್ಪತ್ತೈದು ವರ್ಷ ದಾಟುತ್ತದೆ. ಬೆಂಗಳೂರು, ಮೈಸೂರುಗಳ ರೇಸಿನಿಂದ ಹೊರಬಿದ್ದ ಕುದುರೆಗಳಲ್ಲಿ ಕೆಲವು ಸವಾರಿ ಶಾಲೆ ಸೇರುತ್ತವೆ. ಅದೃಷ್ಟವಿದ್ದ ಒಂದೆರಡು ಯಾರದೋ ತೋಟದ ಮನೆಗೆ ಬಂದು ಮುದ್ದಿನ ಪ್ರಾಣಿಗಳಾಗುತ್ತವೆ. ಅಂಥ ಕುದುರೆಯನ್ನು ಕಂಡ ನೆಂಟರಿಷ್ಟರು ತಪ್ಪದೆ ಕೇಳುವ ಪ್ರಶ್ನೆ, ‘ಹತ್ತಬಹುದಾ?’ ಮಾಲೀಕರು ಅದರ ಸ್ವಭಾವ ಹೇಳತೊಡಗುತ್ತಾರೆ: ಬಲು ಸಾಧು, ಮಕ್ಕಳ ಕೈಯಿಂದ ಬೆಲ್ಲ ತಿನ್ನುತ್ತದೆ. ಇರಲಿ. ಸ್ವಭಾವದ ಮಾತು ಆಮೇಲೆ, ಮೊದಲು ಮುಂಗಾಲು ನೋಡೋಣ.

ಕುದುರೆಯ ಮುಂಗಾಲಿನಲ್ಲಿ ನಾವು ಮೊಣಕಾಲು ಎನ್ನುವ ಗಂಟು ನಿಜಕ್ಕೂ ಅದರ ಮಣಿಕಟ್ಟು. ಅಲ್ಲಿಂದ ಕೆಳಗಿರುವುದು ಅಂಗೈಯ ಮೂಳೆ ಮತ್ತು ಒಂದೇ ಬೆರಳು, ಆ ಬೆರಳ ತುದಿಯ ಉಗುರೇ ಗೊರಸು. ಈ ಭಾಗದಲ್ಲಿ ಓಟಕ್ಕೆ ಬಲ ಕೊಡುವ ಮಾಂಸಖಂಡವೇ ಇಲ್ಲ; ಮೂಳೆ, ಚರ್ಮ, ನಡುವೆ ಸ್ನಾಯುರಜ್ಜುಗಳು. ನಾಗಾಲೋಟದಲ್ಲಿ ಸುಮಾರು 450 ಕಿಲೋದ ದೇಹದ ಭಾರ ಒಂದು ಕ್ಷಣ ಒಂದೇ ಕಾಲಿನ ಮೇಲೆ ಬೀಳುತ್ತದೆ. ಆಗ ಕಾಲಿನ ಹಿಂಬದಿಯ ರಜ್ಜು ರಬ್ಬರಿನಂತೆ ಹಿಗ್ಗಿ, ಮತ್ತೆ ಕುಗ್ಗಿ, ಕುದುರೆಯನ್ನು ಮುಂದಕ್ಕೆ ಚಿಮ್ಮಿಸುತ್ತದೆ. ಕಡಿಮೆ ಶಕ್ತಿಯಲ್ಲಿ ಅಷ್ಟು ವೇಗ ಸಿಗುವ ಗುಟ್ಟು ಇದೇ. ಆದರೆ ಪೂರ್ಣ ವೇಗದಲ್ಲಿ ಆ ಹಿಗ್ಗುವಿಕೆ ಹರಿಯುವ ಮಿತಿಯ ಹತ್ತಿರಕ್ಕೇ ಹೋಗುತ್ತದೆ. ಹಿಗ್ಗಿ ಕುಗ್ಗುವಾಗ ಕಳೆದುಹೋದ ಶಕ್ತಿ ಶಾಖವಾಗಿ, ರಜ್ಜುವಿನ ಒಳತಿರುಳು 45 ಡಿಗ್ರಿ ಸೆಲ್ಸಿಯಸ್‌ವರೆಗೂ ಬಿಸಿಯೇರುತ್ತದೆ. ಪ್ರತಿ ಓಟವೂ ಒಳಗೆ ಸಣ್ಣ ಸಣ್ಣ ಎಳೆಗಳನ್ನು ಹಾಳುಮಾಡುತ್ತ ಹೋಗುತ್ತದೆ. ಒಂದು ದಿನ ಅದೇ ದೊಡ್ಡ ಗಾಯವಾಗಿ ಕಾಣಿಸಿಕೊಳ್ಳುತ್ತದೆ.

ಈ ಗಾಯ ಮಾಯಲು ವರ್ಷವೇ ಹಿಡಿಯಬಹುದು. ಮಾಯ್ದ ಮೇಲೂ ಅಲ್ಲಿ ಹಳೆಯ ರಜ್ಜು ಹುಟ್ಟುವುದಿಲ್ಲ, ಗಡುಸಾದ ಕಲೆಯ ಅಂಗಾಂಶ ತುಂಬಿಕೊಳ್ಳುತ್ತದೆ. ಅದಕ್ಕೆ ಮೊದಲಿನ ಸ್ಥಿತಿಸ್ಥಾಪಕತ್ವ ಇಲ್ಲದ್ದರಿಂದ ಪಕ್ಕದ ಒಳ್ಳೆಯ ಎಳೆಗಳ ಮೇಲೆ ಭಾರ ಹೆಚ್ಚುತ್ತದೆ. ಒಮ್ಮೆ ಕೆಟ್ಟ ಕಾಲು ಮತ್ತೆ ಕೆಡುವುದು ಅದಕ್ಕೇ.

ಕುದುರೆ ನೋಡಿಕೊಳ್ಳುವ ಅನುಭವಿ ಸೈಸ್‌ಗಳು ಬೆಳಿಗ್ಗೆ ಕುದುರೆಯನ್ನು ಹೊರಗೆ ತರುವ ಮುನ್ನ ಅಂಗೈಯನ್ನು ಮುಂಗಾಲಿನ ಹಿಂಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಆಡಿಸುತ್ತಾರೆ, ಮೊದಲು ಒಂದು ಕಾಲು, ಆಮೇಲೆ ಇನ್ನೊಂದು. ಬೆರಳಿಗೆ ಸಿಗಬೇಕಾದದ್ದು ತಣ್ಣಗಿನ, ಬಿಗಿಯಾದ, ನೇರವಾದ ಹುರಿ. ಒಂದು ಕಡೆ ಬೆಚ್ಚಗಿದ್ದರೆ, ದಪ್ಪವಿದ್ದರೆ, ಒತ್ತಿದಾಗ ಕುದುರೆ ಕಾಲು ಎಳೆದುಕೊಂಡರೆ ಆವತ್ತು ಜೀನು ಗೂಟದಲ್ಲೇ ಇರಬೇಕು. ಕೈಗೆ ತಿಳಿಯದ್ದನ್ನು ಅಲ್ಟ್ರಾಸೌಂಡ್ ತೋರಿಸುತ್ತದೆ. ಸವಾರಿಯ ಆಸೆ ಇರುವವರು ಆ ಖರ್ಚಿಗೆ ಹಿಂಜರಿಯಬಾರದು. ಇನ್ನೊಂದು ಪರೀಕ್ಷೆ ಬಿಟ್ಟಿ: ಗಟ್ಟಿ ನೆಲದ ಮೇಲೆ ಕುದುರೆಯನ್ನು ಸಡಿಲ ಹಗ್ಗದಲ್ಲಿ ಟ್ರಾಟ್ (ನಿಧಾನ ಓಟ) ಓಡಿಸಿ ತಲೆ ನೋಡಿ. ನೋವಿರುವ ಮುಂಗಾಲು ನೆಲ ಮುಟ್ಟುವಾಗ ತಲೆ ಮೇಲೇಳುತ್ತದೆ, ಒಳ್ಳೆಯ ಕಾಲು ಊರುವಾಗ ತಗ್ಗುತ್ತದೆ.

ಕಾಲು ಪಾಸಾದರೆ ಬೆನ್ನಿನ ಸರದಿ. ಜಾಕಿಯ ತೂಕ ಐವತ್ತು ಅರವತ್ತು ಕಿಲೋ, ಅವನು ಓಟದಲ್ಲಿ ಕುದುರೆಯ ಮೇಲೆ ಕೂರುವುದೂ ಇಲ್ಲ. ಗಿಡ್ಡ ರಿಕಾಬಿನಲ್ಲಿ ನಿಂತು ಬಾಗಿರುತ್ತಾನೆ. ನಾವೋ ಪೂರ್ತಿ ಕೂರುವವರು. ಸವಾರ, ಜೀನು ಎಲ್ಲ ಸೇರಿ ಕುದುರೆಯ ತೂಕದ ಶೇಕಡಾ 20 ಮೀರಬಾರದೆಂಬುದು ಬಹುವಾಗಿ ಪಾಲಿಸುವ ಲೆಕ್ಕ. 450 ಕಿಲೋದ ಕುದುರೆಗೆ ಅದು 90 ಕಿಲೋ. ಮದುವೆ ಊಟದ ಸೀಸನ್ ಮುಗಿಸಿದ ಮಾಲೀಕರು ಮೊದಲು ತಾವೇ ತಕ್ಕಡಿ ಹತ್ತುವುದು ಒಳ್ಳೆಯದು. ಬೆನ್ನುಮೂಳೆಯ ಮುಳ್ಳುಗಳು ಒಂದಕ್ಕೊಂದು ತಾಗುವ ತೊಂದರೆ ರೇಸಿನ ತಳಿಯಾದ ಥರೋಬ್ರೆಡ್‌ಗಳಲ್ಲಿ ಸಾಕಷ್ಟು ಸಾಮಾನ್ಯ. ಅಂಥ ಬೆನ್ನಿಗೆ ಹಗುರ ಸವಾರನೂ ಭಾರವೇ.

ಇನ್ನು ಸ್ವಭಾವ. ಲಗಾಮು ಬಿಗಿ ಹಿಡಿದರೆ ಕುದುರೆ ನಿಲ್ಲುತ್ತದೆಂದು ನಾವು ನಂಬಿದ್ದೇವೆ. ರೇಸ್ ಕುದುರೆ ಕಲಿತದ್ದು ಬೇರೆ: ಜಾಕಿ ಲಗಾಮು ಬಿಗಿದಾಗ ಅದು ಕಡಿವಾಣದ ಮೇಲೆ ಭಾರ ಹಾಕಿ ಇನ್ನಷ್ಟು ಜೋರಾಗಿ ಓಡುತ್ತದೆ. ಹೆದರಿದ ಹೊಸ ಸವಾರ ಎಷ್ಟು ಎಳೆಯುತ್ತಾನೋ ಕುದುರೆ ಅಷ್ಟು ವೇಗ ಕೊಡುತ್ತದೆ. ಅದರ ಮಟ್ಟಿಗೆ ಅದು ಹೇಳಿದ ಮಾತು ಕೇಳುತ್ತಿದೆ! ಪಕ್ಕೆಗೆ ಒತ್ತುವ ಉದ್ದ ಕಾಲುಗಳೂ ಅದಕ್ಕೆ ಹೊಸತು. ಇದನ್ನೆಲ್ಲ ಬಲ್ಲ ಸವಾರನೊಬ್ಬ ತಿಂಗಳುಗಟ್ಟಲೆ ಮರುಪಾಠ ಹೇಳಿಕೊಡದೆ ಮನೆಮಂದಿ ಹತ್ತುವಂತಿಲ್ಲ.

‘ಕೆಟ್ಟ ಬುದ್ಧಿ’ ಎನ್ನುವುದರಲ್ಲೂ ಎಷ್ಟೋ ಸಲ ಇರುವುದು ನೋವು. ಕುದುರೆಯ ಹೊಟ್ಟೆ ದಿನವಿಡೀ ಆಮ್ಲ ಸುರಿಸುತ್ತದೆ, ಹುಲ್ಲು ಅಗಿಯುವಾಗ ಇಳಿಯುವ ಜೊಲ್ಲೇ ಅದಕ್ಕೆ ಮದ್ದು. ಹುಲ್ಲು ಕಡಿಮೆ, ಕಾಳು ಹೆಚ್ಚು ತಿಂದು ಓಡುವ ರೇಸ್ ಕುದುರೆಗಳಲ್ಲಿ ಬಹುಪಾಲಿಗೆ ಹೊಟ್ಟೆಹುಣ್ಣು. ಜೀನಿನ ಪಟ್ಟಿ ಬಿಗಿಯುವಾಗ ಕಚ್ಚಲು ಬರುವ ಕುದುರೆಗೆ ಹೊಡೆಯುವ ಮೊದಲು ಎಂಡೋಸ್ಕೋಪಿ ಮಾಡಿಸಿದರೆ ಕಾರಣ ಸಿಕ್ಕೀತು. ಬ್ರಿಟನ್ನಿನ ಪಶುವೈದ್ಯೆ ಸೂ ಡೈಸನ್ ಸವಾರಿಯ ವೇಳೆ ಗಮನಿಸಬೇಕಾದ 24 ವರ್ತನೆಗಳನ್ನು ಪಟ್ಟಿಮಾಡಿದ್ದಾರೆ. ಕಿವಿ ಹಿಂದಕ್ಕೆ ಅಂಟಿಸುವುದು, ಮತ್ತೆ ಮತ್ತೆ ಬಾಯಿ ತೆರೆಯುವುದು, ಬಾಲ ಬೀಸುತ್ತಲೇ ಇರುವುದು ಅದರಲ್ಲಿವೆ. ಎಂಟು ಅಥವಾ ಹೆಚ್ಚು ಕಂಡರೆ ಎಲ್ಲೋ ಮೂಳೆ-ಸ್ನಾಯುಗಳ ನೋವಿರುವ ಸಾಧ್ಯತೆ ಬಲವಾಗಿದೆ ಎನ್ನುತ್ತದೆ ಅವರ ಅಧ್ಯಯನ.

ಹತ್ತಬಾರದೆಂದು ತೀರ್ಮಾನವಾದರೆ ಕುದುರೆಯನ್ನು ಲಾಯದಲ್ಲಿ ಕಟ್ಟಿಹಾಕಿ ‘ವಿಶ್ರಾಂತಿ’ ಕೊಡುವವರಿದ್ದಾರೆ. ಅದು ಸವಾರಿಗಿಂತ ಕೆಟ್ಟದ್ದು. ಕರುಳು ಚೆನ್ನಾಗಿ ಕೆಲಸ ಮಾಡಲು, ಗೊರಸಿನಲ್ಲಿ ರಕ್ತ ಸರಾಗವಾಗಿ ಹರಿಯಲು ಕುದುರೆ ನಡೆಯಲೇಬೇಕು. ಬೇಲಿ ಹಾಕಿದ ಬಯಲು, ದಿನವೆಲ್ಲ ಹುಲ್ಲು, ಕಡಿಮೆ ಮಾಡಿದ ಕಾಳು, ಹಗ್ಗ ಹಿಡಿದು ಸಂಜೆ ಒಂದು ಸುತ್ತು ಇಷ್ಟಾದರೆ ಬೆನ್ನ ಮೇಲೆ ಯಾರೂ ಇಲ್ಲದೆಯೂ ಅದು ಚೆನ್ನಾಗಿರುತ್ತದೆ. ಜೊತೆಗೊಂದು ಸಂಗಾತಿ ಬೇಕು, ಹಿಂಡಿನ ಪ್ರಾಣಿಯಲ್ಲವೇ. ಇನ್ನೊಂದು ಕುದುರೆ ಸಾಕುವ ಶಕ್ತಿ ಇಲ್ಲದಿದ್ದರೆ ಒಂದು ಕತ್ತೆಯಾದರೂ ಆದೀತು.