ಬಿಡಾರ ಬದಲಿಸುವ ಮುನ್ನ

ಮುಂಬಯಿಯಲ್ಲಿ ಬಾಡಿಗೆಯ ಮನೆಯ ಕರಾರು ಅನೇಕವೇಳೆ 11 ತಿಂಗಳಿನದು. ಆದುದರಿಂದ ಬಿಡಾರ ಬದಲಿಸುವುದು ನಮ್ಮಲ್ಲಿ ಬಹಳ ಮಂದಿಗೆ ಹೊಸತಲ್ಲ. ಆದರೂ ಪ್ರತಿಸಲವೂ ಕೊನೆಯ ವಾರದಲ್ಲಿ ನಾವು ಕಂಗಾಲಾಗುತ್ತೇವೆ. ಸಾಮಾನು ಒಂದೇ ದಿನದಲ್ಲಿ ಸಾಗೀತು, ಆದರೆ ಹಣ ಮತ್ತು ಕಾಗದಪತ್ರಗಳ ಏರ್ಪಾಡಿಗೆ ಒಂದು ತಿಂಗಳಾದರೂ ಬೇಕು.

ಹಳೆಯ ಮನೆಯ ಮಾಲೀಕರಿಗೆ ಕರಾರಿನಲ್ಲಿ ಹೇಳಿದಷ್ಟು ಮುಂಚಿತವಾಗಿ ಬರಹದಲ್ಲಿ ತಿಳಿಸಿರಿ. ಠೇವಣಿ ಹಿಂದಿರುಗುವ ದಿನವನ್ನು ಆಗಲೇ ಗೊತ್ತುಮಾಡಿಕೊಳ್ಳಿರಿ. ಅದು ಕೈಸೇರುವ ಮೊದಲೇ ಹೊಸ ಮನೆಗೆ ಠೇವಣಿ ಕಟ್ಟಬೇಕಾಗುತ್ತದೆ. ಸಂಬಳದಲ್ಲೇ ನಡೆಯುವ ಸಂಸಾರಕ್ಕೆ ನಿಜವಾದ ಇಕ್ಕಟ್ಟು ಇದೇ.

ಇನ್ನು ಹೊಸ ಕರಾರು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯಂತೆ ‘ಲೀವ್ ಅಂಡ್ ಲೈಸೆನ್ಸ್’ ಕರಾರು ಬರಹದಲ್ಲಿದ್ದು ನೋಂದಣಿಯಾಗಬೇಕು. 11 ತಿಂಗಳಿನದೆಂದು ವಿನಾಯಿತಿಯಿಲ್ಲ. ನೋಂದಾಯಿಸುವ ಹೊಣೆ ಮಾಲೀಕರದು. ಆ ಪತ್ರವಿದ್ದರೆ ಗ್ಯಾಸು, ಬ್ಯಾಂಕು, ಆಧಾರ್‌ಗಳಲ್ಲಿ ವಿಳಾಸ ಬದಲಿಸುವುದು ಸುಲಭ. ಬೇರೆ ಊರಿಗೆ ಹೋಗುವವರು ಗ್ಯಾಸಿನ ಸಿಲಿಂಡರನ್ನು ಲಾರಿಯಲ್ಲಿ ಒಯ್ಯಬಾರದು. ಅದನ್ನೂ ರೆಗ್ಯುಲೇಟರನ್ನೂ ವಿತರಕರಿಗೆ ಒಪ್ಪಿಸಿ ವರ್ಗಾವಣೆಯ ಪತ್ರ ಪಡೆಯಬೇಕು.

ಹೊರಡುವ ದಿನದ ಬಗ್ಗೆ ಎರಡೂ ಸೊಸೈಟಿಗಳಿಗೆ ತಿಳಿಸಿ, ಲಿಫ್ಟು ಬಳಸುವ ವೇಳೆಯನ್ನು ಕೇಳಿಕೊಳ್ಳಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಲಾರಿಗೆ ತಾಡಪತ್ರಿ ಇದೆಯೆ ನೋಡಿರಿ. ಹಿರಿಯರ ಔಷಧಿ, ಮಕ್ಕಳ ಶಾಲೆಯ ಪತ್ರಗಳು, ಕರಾರು ಇವು ಕೈಚೀಲದಲ್ಲಿರಲಿ. ಮೊದಲ ರಾತ್ರಿಯ ಅಡಿಗೆಗೆ ಬೇಕಾದ ಅಕ್ಕಿ, ಬೇಳೆ, ಪಾತ್ರೆಗಳನ್ನು ಬೇರೆಯಾಗಿ ಕಟ್ಟಿರಿ.

ಕಡೆಯದಾಗಿ ಒಂದು ಬಿನ್ನಹ. ವಾಚನಾಲಯದ ಪುಸ್ತಕಗಳು ಮಾತ್ರ ಲಾರಿ ಹತ್ತದಿರಲಿ!