ಕಾರ್ಡ್ ಇದೆ, ನೆಟ್ ಇಲ್ಲ: ಡ್ರೈವರ್ ನೋಡೋದು ಹೇಗೆ?

ಹೊಸ ಲಿನಕ್ಸ್ ಸರ್ವರ್. ಕೇಬಲ್ ಹಾಕಿದ್ದೀರಿ, ನೆಟ್ ಮಾತ್ರ ಬರ್ತಿಲ್ಲ. ಎಲ್ಲೋ ಸಿಕ್ಕ ಡ್ರೈವರ್ ತಂದು ಹಾಕೋ ಮೊದಲು ಕಾರ್ಡ್ ಯಾವುದು ಅಂತ ನೋಡಿ.

ಎಲ್‌ಎಸ್‌ಪಿಸಿಐ ಕಮಾಂಡಿಗೆ ಹೈಫನ್ ಎನ್‌ಎನ್‌ಕೆ ಸೇರಿಸಿ ಕೊಡಿ. ಕಾರ್ಡಿನ ಹೆಸರು, ಐಡಿ, ಕರ್ನಲ್ ಬಳಸ್ತಿರೋ ಡ್ರೈವರ್ ಎಲ್ಲ ಕಾಣುತ್ತೆ. ರಿಯಲ್‌ಟೆಕ್ ಗಿಗಾಬಿಟ್ ಆದ್ರೆ ಸಾಮಾನ್ಯವಾಗಿ ಆರ್8169. ಇಂಟೆಲ್ ಆದ್ರೆ ಹೆಚ್ಚಾಗಿ ಇ1000ಇ ಅಥವಾ ಐಜಿಬಿ. ಡ್ರೈವರ್ ಇದ್ದೂ ಕಾರ್ಡ್ ಕೆಲಸ ಮಾಡದಿದ್ರೆ, ಫರ್ಮ್‌ವೇರ್ ಸಿಗಲಿಲ್ಲ ಅನ್ನೋ ಸಾಲು ಡಿಮೆಸೇಜ್ ಕಮಾಂಡ್ ತೋರಿಸೋ ಕರ್ನಲ್ ಲಾಗ್‌ನಲ್ಲಿ ಇದೆಯಾ ಹುಡುಕಿ. 2023ರಲ್ಲಿ ಬಂದ ಡೆಬಿಯನ್ 12ರಿಂದ ಇಂಥ ಫರ್ಮ್‌ವೇರ್ ಅಧಿಕೃತ ಇನ್‌ಸ್ಟಾಲರ್ ಜೊತೆಗೇ ಬರುತ್ತೆ. ಒಳ್ಳೆಯ ನಿರ್ಧಾರ ಅದು.

ನೆಟ್ ಬಂತು, ಆದ್ರೆ ನಿಧಾನವಾ? ಇಲ್ಲಿ ತುಂಬಾ ಜನ ಡ್ರೈವರನ್ನೇ ಬೈತಾರೆ. ಇಥ್‌ಟೂಲ್ ಕಮಾಂಡಿಗೆ ಇಂಟರ್‌ಫೇಸ್ ಹೆಸರು ಕೊಟ್ಟು ಸ್ಪೀಡ್ ಸಾಲು ಓದಿ. 1000 ಇರಬೇಕಾದಲ್ಲಿ 100 ಅಂತಿದ್ರೆ, ನನ್ನ ಮೊದಲ ಅನುಮಾನ ಕೇಬಲ್ ಮೇಲೆ. ಗಿಗಾಬಿಟ್‌ಗೆ ಕೇಬಲ್ಲಿನ ನಾಲ್ಕೂ ಜೋಡಿ ತಂತಿ ಬೇಕು. 100 ಮೆಗಾಬಿಟ್‌ಗೆ ಎರಡೇ ಜೋಡಿ ಸಾಕು. ಹಾಗಾಗಿ ಒಂದು ತಂತಿ ತುಂಡಾದ್ರೂ ಲಿಂಕ್ ಪೂರ್ತಿ ಹೋಗದೆ, ಸದ್ದಿಲ್ಲದೆ 100ಕ್ಕೆ ಇಳಿದುಬಿಡಬಹುದು. ಆಗ ದಯವಿಟ್ಟು ಆಟೋ ನೆಗೋಶಿಯೇಷನ್ (ಎರಡೂ ತುದಿಗಳು ತಾವೇ ವೇಗ ಒಪ್ಪಿಕೊಳ್ಳೋ ವ್ಯವಸ್ಥೆ) ಆಫ್ ಮಾಡಬೇಡಿ. ತಾಮ್ರದ ತಂತಿಯ ಗಿಗಾಬಿಟ್‌ಗೆ ಅದು ಕಡ್ಡಾಯ. ಕೇಬಲ್ ಬದಲಿಸಿ ನೋಡಿ.

ಇಥ್‌ಟೂಲ್‌ನಲ್ಲೇ ಏನಾದ್ರೂ ಸೆಟ್ಟಿಂಗ್ ಬದಲಿಸಿದ್ರೆ, ಆ ಬದಲಾವಣೆ ರೀಬೂಟ್ ಆದ್ಮೇಲೆ ಉಳಿಯಲ್ಲ. ನೆಟ್‌ವರ್ಕ್‌ಮ್ಯಾನೇಜರ್‌ನಲ್ಲೋ ಸಿಸ್ಟಮ್‌ಡಿಯ ಲಿಂಕ್ ಫೈಲಿನಲ್ಲೋ ಬರೆದಿಡಿ. ಇನ್ನು, ದೂರದ ಸರ್ವರ್‌ಗೆ ಅದೇ ಕಾರ್ಡ್ ಮೂಲಕ ಲಾಗಿನ್ ಆಗಿದ್ರೆ ಡ್ರೈವರನ್ನು ಅನ್‌ಲೋಡ್ ಮಾಡಲೇಬೇಡಿ. ಕನ್ಸೋಲ್ ಸಿಕ್ಕಿದ ಮೇಲಷ್ಟೇ ಅದಕ್ಕೆ ಕೈ ಹಾಕಿ.